ಹಳದಿ ಬಾವುಟ ಇಳಿಯುವ ತನಕ

ಪರದೇಶ ಪ್ರವೇಶವೆಂದರೆ ಕುಂಬಾರಕೊಪ್ಪಲಿನ ನಮ್ಮಂಥವರ ಕಣ್ಮುಂದೆ ಬರುವುದು ವಿಮಾನ ನಿಲ್ದಾಣದ ಸಾಲು ಮತ್ತು ಪಾಸ್‌ಪೋರ್ಟಿನ ಮೇಲೆ ಬೀಳುವ ಮುದ್ರೆ. ಮೈಸೂರಿಗೆ ಕಡಲು ದೂರ. ಆದರೆ ಪುಟ್ಟ ಹಾಯಿನೌಕೆಯಲ್ಲಿ ವಾರಗಟ್ಟಲೆ ಸಾಗಿ ಅನ್ಯದೇಶದ ಬಂದರು ಸೇರುವವರ ಪ್ರವೇಶದ ಕ್ರಮವೇ ಬೇರೆ. ಅದನ್ನು ಗಮನಿಸಿದರೆ ನಮ್ಮ ಕರಾವಳಿಯ ಕೊರತೆಯೊಂದು ಎದ್ದು ಕಾಣುತ್ತದೆ.

ಹೊಸ ದೇಶದ ಬಂದರಿಗೆ ಬರುವ ನೌಕೆ ಮೊದಲು ಹಳದಿ ಬಾವುಟ ಏರಿಸಬೇಕು. ‘ನೌಕೆಯಲ್ಲಿ ರೋಗವಿಲ್ಲ, ಪ್ರವೇಶಾನುಮತಿ ನೀಡಿ’ ಎಂಬುದು ಅದರ ಅರ್ಥ. ಇಷ್ಟಬಂದ ದಡಕ್ಕೆ ಹೋಗುವಂತಿಲ್ಲ. ಸರ್ಕಾರ ಗೊತ್ತುಪಡಿಸಿದ ಬಂದರಿಗೇ ಹೋಗಬೇಕು. ನೌಕೆಯ ನೋಂದಣಿ ಪತ್ರ, ಸಿಬ್ಬಂದಿಯ ಪಟ್ಟಿ, ಹಿಂದಿನ ಬಂದರಿನ ನಿರ್ಗಮನ ಪತ್ರ ಸಿದ್ಧವಿರಬೇಕು. ಆರೋಗ್ಯ, ಸುಂಕ ಹಾಗೂ ವಲಸೆ ಅಧಿಕಾರಿಗಳು ಒಪ್ಪಿದ ನಂತರವೇ ಹಳದಿ ಬಾವುಟ ಇಳಿದು ಆತಿಥೇಯ ದೇಶದ ಧ್ವಜ ಏರುತ್ತದೆ.

ಭಾರತೀಯ ನೌಕಾಪಡೆಯ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್‌ನಲ್ಲಿ ‘ತಾರಿಣಿ’ ಹಾಯಿನೌಕೆಯಲ್ಲಿ ಗೋವಾದಿಂದ ಹೊರಟು, ವಿಶ್ವ ಪರ್ಯಟನೆ ಮುಗಿಸಿ 2025ರ ಮೇನಲ್ಲಿ ಮರಳಿದರು. ಅವರು ತಂಗಿದ ಬಂದರುಗಳಲ್ಲಿ ನ್ಯೂಜಿಲೆಂಡಿನ ಲಿಟಲ್ಟನ್ ಒಂದು. ನೌಕಾಪಡೆಯ ನೌಕೆಗೆ ಸರ್ಕಾರದ ಬೆಂಬಲವಿರುತ್ತದೆ. ಖಾಸಗಿ ನೌಕೆಯಾದರೆ ಅಲ್ಲಿಗೆ 48 ಗಂಟೆ ಮುಂಚಿತವಾಗಿ ಆಗಮನದ ಸೂಚನೆ ನೀಡಬೇಕು. ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬರುವಂತಿಲ್ಲ. ನೌಕೆಯ ತಳಕ್ಕೆ ಅಂಟಿದ ಪಾಚಿ, ಚಿಪ್ಪುಜೀವಿಗಳಿಗೂ 2018ರಿಂದ ಕಟ್ಟುನಿಟ್ಟಿನ ನಿಯಮವಿದೆ. ನಿಯಮ ಕಠಿಣ, ಆದರೆ ಏನು ಮಾಡಬೇಕೆಂಬುದು ನಾವಿಕನಿಗೆ ಮೊದಲೇ ತಿಳಿದಿರುತ್ತದೆ. ಒಳ್ಳೆಯ ಬಂದರಿನ ಲಕ್ಷಣ ಇದೇ.

ಈ ಲಕ್ಷಣ ನಮಗೆ ಹೊಸದಲ್ಲ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದಿಳಿದು ವಿಜಯನಗರಕ್ಕೆ ಹೋದನು. ಕಲ್ಲಿಕೋಟೆಯಲ್ಲಿ ಸುಂಕದ ಅಧಿಕಾರಿಗಳೇ ಸರಕನ್ನು ಹಗಲಿರುಳು ಕಾಯುತ್ತಿದ್ದರು, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲ ಎಂದು ಆತ ದಾಖಲಿಸಿದ್ದಾನೆ. ಸ್ಪಷ್ಟ ನಿಯಮವೇ ಪರದೇಶದ ಹಡಗುಗಳನ್ನು ಅತ್ತ ಸೆಳೆದಿತ್ತು.

ಇಂದು ಇತ್ತ ಬರುವ ವಿದೇಶಿ ಹಾಯಿನೌಕೆಗಳು ಕೊಚ್ಚಿಯತ್ತ ಮುಖ ಮಾಡುತ್ತವೆ. ಅಲ್ಲಿನ ಬೋಲ್ಗಾಟ್ಟಿಯಲ್ಲಿ ಅವುಗಳಿಗೆಂದೇ ತಂಗುದಾಣವಿದೆ. 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯುಳ್ಳ ಕರ್ನಾಟಕದ ಮುಖ್ಯ ದ್ವಾರ ನವಮಂಗಳೂರು. 1974ರಲ್ಲಿ ಪ್ರಮುಖ ಬಂದರೆನಿಸಿದ ಅದು ಅದಿರು, ತೈಲ, ಕಲ್ಲಿದ್ದಲಿನ ದೊಡ್ಡ ಹಡಗುಗಳಿಗಾಗಿ ಬೆಳೆದದ್ದು. ಐಷಾರಾಮಿ ಪ್ರವಾಸಿ ಹಡಗುಗಳೂ ಬರುತ್ತವೆ. ಇ-ವೀಸಾ ಪಡೆದವರಿಗೆ ಅಲ್ಲಿ ಪ್ರವೇಶವೂ ಉಂಟು. ಆದರೆ ಇಬ್ಬರು ಮೂವರಿರುವ ಹಾಯಿನೌಕೆಯ ಅಗತ್ಯಗಳು ದೊಡ್ಡ ಹಡಗಿನ ಅಗತ್ಯಗಳಲ್ಲ.

ಭದ್ರತೆಯ ಪ್ರಶ್ನೆ ಏಳುವುದು ಸಹಜ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಕಡಲ ಮಾರ್ಗವಾಗಿಯೇ, ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ ಬಂದಿದ್ದರು. ಅದನ್ನು ಮರೆಯಲಾಗದು. ಆದರೆ ಅವರು ಯಾವ ಬಂದರಿನ ಬಾಗಿಲನ್ನೂ ತಟ್ಟಲಿಲ್ಲ. ಮುಂಚಿತವಾಗಿ ತಿಳಿಸಿ, ಹಳದಿ ಬಾವುಟ ಹಾರಿಸಿ, ಕಾಗದಪತ್ರ ಹಿಡಿದು ಬರುವವನು ತಾನಾಗಿಯೇ ಪರಿಶೀಲನೆಗೆ ಒಳಗಾಗುತ್ತಾನೆ. ಅಂಥವನಿಗೆ ಮಾರ್ಗ ಸುಗಮವಾದಷ್ಟೂ ಕದ್ದು ಬರುವವನ ಮೇಲೆ ಕಣ್ಣಿಡಲು ಕಾವಲಿನವರಿಗೆ ಹೆಚ್ಚು ಬಿಡುವು ದೊರೆಯುತ್ತದೆ.

ಆದ್ದರಿಂದ ನವಮಂಗಳೂರಿನಲ್ಲಿ ಪುಟ್ಟ ನೌಕೆಗಳಿಗೆಂದೇ ಒಂದು ಕಟ್ಟೆ, ಮೂರೂ ಇಲಾಖೆಗಳ ಕೆಲಸ ಒಂದೆಡೆ ಮುಗಿಸುವ ಕೊಠಡಿ ಮತ್ತು ಶುಲ್ಕದ ಬಹಿರಂಗ ಪಟ್ಟಿ ಇರಬೇಕು. ತಪಾಸಣೆಯಲ್ಲಿ ರಿಯಾಯಿತಿ ಬೇಡ. ಕಾಯಿಸುವುದರಲ್ಲಿ ರಿಯಾಯಿತಿ ಸಾಕು.