ಪೆಟ್ರೋಲ್ ಖಾಲಿ ಮಾಡಿದ ಟ್ಯಾಂಕ್ ಸುರಕ್ಷಿತವೇ? ಹಳೆಯ ಮಸಲ್ ಕಾರು ಕಲಿಸುವ ಪಾಠ

ಬೇಸಿಗೆ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಬರುತ್ತದೆ: ‘ಟ್ಯಾಂಕ್ ಪೂರ್ತಿ ತುಂಬಿಸಬೇಡಿ, ಸ್ಫೋಟವಾಗುತ್ತದೆ. ಅರ್ಧ ಮಾತ್ರ ತುಂಬಿಸಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಹೊರಬಿಡಿ.’ ಇದು ಸುಳ್ಳು ಎಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಆದರೂ ಇದರ ಹಿಂದಿರುವ ನಂಬಿಕೆ ಹೋಗಿಲ್ಲ: ಪೆಟ್ರೋಲ್ ಕಡಿಮೆಯಾದಷ್ಟೂ ಅಪಾಯ ಕಡಿಮೆ, ಪೂರ್ತಿ ಖಾಲಿಯಾದರೆ ಅಪಾಯವೇ ಇಲ್ಲ. ಗಾಡಿ ಓಡಿಸುವವರಿಗೆ ಈ ನಂಬಿಕೆಯಿಂದ ದೊಡ್ಡ ತೊಂದರೆಯಿಲ್ಲ. ಟ್ಯಾಂಕ್ ಬಿಚ್ಚಿ ರಿಪೇರಿ ಮಾಡುವವರಿಗೆ ಮಾತ್ರ ಇದು ಪ್ರಾಣಕ್ಕೇ ಕುತ್ತು.

ಅಮೆರಿಕದಲ್ಲಿ 1960-70ರ ದಶಕದ ಬಲಿಷ್ಠ ಎಂಜಿನ್ನಿನ ‘ಮಸಲ್ ಕಾರು’ಗಳನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಬಹಳ. ಅವರು ಹಳೆಯ ಟ್ಯಾಂಕ್ ತೆಗೆದು ಹೊಸದನ್ನು ಕೂರಿಸುವ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಾವು ಸತ್ಯಾಂಶ ನೋಡೋಣ.

ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆದರೆ ಆವಿ ಗಾಳಿಯೊಂದಿಗೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಉರಿಯುತ್ತದೆ. ಆ ಪ್ರಮಾಣ ಸುಮಾರು ಶೇ. 1.4ರಿಂದ ಶೇ. 7.6. ಮುಚ್ಚಿದ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಅದರ ಮೇಲಿನ ಜಾಗದಲ್ಲಿ ಸಾಮಾನ್ಯವಾಗಿ ಆವಿಯೇ ತುಂಬಿರುತ್ತದೆ, ಉರಿಯಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಪೆಟ್ರೋಲ್ ಬಸಿದು ಟ್ಯಾಂಕ್ ತೆರೆದಿಟ್ಟಿರೋ, ಗಾಳಿ ಒಳಗೆ ಹೋಗುತ್ತದೆ. ತಳದಲ್ಲಿ ಉಳಿದ ಹನಿಗಳು ಆವಿಯಾಗುತ್ತವೆ. ಆಗ ಒಳಗೆ ಇರುವುದು ಕಿಡಿಗಾಗಿ ಕಾಯುವ ಮಿಶ್ರಣ.

ಎಷ್ಟು ಪೆಟ್ರೋಲ್ ಉಳಿದಿದ್ದರೆ ಅಪಾಯ? ನಾವು ಲೆಕ್ಕ ಹಾಕಿದೆವು. 60 ಲೀಟರ್ ಟ್ಯಾಂಕಿಗೆ ಸುಮಾರು ಒಂದು ಟೀ ಚಮಚ ಸಾಕು!

ಟ್ಯಾಂಕ್ ತೆಗೆಯುವುದು ಹೇಗೆ?

1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಫೋರ್ಡ್ ಮಸ್ಟಾಂಗ್ ಬಿಡುಗಡೆಯಾಯಿತು. (ಕೆಲವರು ಇದನ್ನು ‘ಪೋನಿ ಕಾರು’ ಎನ್ನುತ್ತಾರೆ, ಕೆಲಸ ಒಂದೇ.) ಆರಂಭದ ಮಸ್ಟಾಂಗ್‌ಗಳ ಟ್ಯಾಂಕ್ 16 ಗ್ಯಾಲನ್, ಅಂದರೆ ಸುಮಾರು 60 ಲೀಟರ್. ಅದರ ಮೇಲ್ಭಾಗವೇ ಡಿಕ್ಕಿಯ ನೆಲ! ಸುತ್ತಲಿನ ಸ್ಕ್ರೂಗಳನ್ನು ಬಿಚ್ಚಿದರೆ ಟ್ಯಾಂಕ್ ಡಿಕ್ಕಿಯಿಂದಲೇ ಮೇಲೆ ಬರುತ್ತದೆ. ಶೆವ್ರೊಲೆ ಕಮಾರೋದಂಥ ಕಾರುಗಳಲ್ಲಿ ಎರಡು ಉಕ್ಕಿನ ಪಟ್ಟಿಗಳು ಟ್ಯಾಂಕನ್ನು ಕೆಳಗಿನಿಂದ ಹಿಡಿದಿರುತ್ತವೆ, ಹಾಗಾಗಿ ಅದನ್ನು ಜ್ಯಾಕ್ ಮೇಲೆ ಇಳಿಸಬೇಕು.

ಕ್ರಮ ಹೀಗಿದೆ:

1. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು.

2. ಪೆಟ್ರೋಲನ್ನು ಕೈಪಂಪಿನಿಂದ, ಇಂಧನಕ್ಕೆಂದೇ ಮಾಡಿದ ಕ್ಯಾನಿಗೆ ತೆಗೆಯಬೇಕು. ಕ್ಯಾನ್ ನೆಲದ ಮೇಲಿರಲಿ, ಸ್ಥಿರ ವಿದ್ಯುತ್ತಿನ ಕಿಡಿಯ ಭಯ ಕಡಿಮೆ. ಪೈಪು ಹಾಕಿ ಬಾಯಲ್ಲಿ ಎಳೆಯಲೇಬೇಡಿ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಗಂಭೀರ ಉರಿಯೂತವಾಗುತ್ತದೆ. ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಹೋಗಿ.

3. ಇಂಧನ ಪೈಪು, ಪೆಟ್ರೋಲ್ ತುಂಬಿಸುವ ಕೊಳವೆ, ಗೇಜಿನ ತಂತಿ ಬಿಚ್ಚಬೇಕು. ಗೇಜಿನ ರಿಂಗನ್ನು ತಿರುಗಿಸಲು ಉಕ್ಕಿನ ಬದಲು ಹಿತ್ತಾಳೆಯ ಉಳಿ ಬಳಸುತ್ತಾರೆ. ಕಿಡಿಯ ಭಯವೇ ಕಾರಣ.

4. ಹೊಸ ಟ್ಯಾಂಕಿನೊಂದಿಗೆ ರಬ್ಬರ್ ಪೈಪು, ಗ್ಯಾಸ್ಕೆಟ್, ಫಿಲ್ಟರ್ ಕೂಡ ಹೊಸದು ಹಾಕಬೇಕು. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರ್ ತಡೆಯದಿರಬಹುದು.

ಕೆಲಸ ನಡೆಯಬೇಕಾದ್ದು ಬಯಲಿನಲ್ಲಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನೂ ಮುಟ್ಟುತ್ತದೆ. ಅಮೆರಿಕದ ಗ್ಯಾರೇಜುಗಳಲ್ಲಿ ಗ್ಯಾಸ್ ವಾಟರ್ ಹೀಟರಿನ ಜ್ವಾಲೆಯನ್ನು ನೆಲದಿಂದ 18 ಇಂಚು ಎತ್ತರದಲ್ಲಿ ಇಡುವ ನಿಯಮ ಬಂದದ್ದು ಇದಕ್ಕೇ.

ಹಳೆಯ ಟ್ಯಾಂಕ್ ವೆಲ್ಡ್ ಮಾಡಬಹುದೇ?

ನಿಜವಾದ ಅಪಾಯ ಇಲ್ಲಿದೆ. ತೂತು ಸಣ್ಣದು, ವೆಲ್ಡಿಂಗ್ ಮಾಡಿಸಿದರೆ ಹೊಸ ಟ್ಯಾಂಕಿನ ಖರ್ಚು ಉಳಿಯುತ್ತದೆ ಅನ್ನಿಸುತ್ತದೆ. ಜನ ನಂಬಿರುವ ಮೂರು ‘ಉಪಾಯ’ಗಳನ್ನು ನೋಡಿ.

‘ತಿಂಗಳುಗಟ್ಟಲೆ ಒಣಗಿಸಿದ್ದೇನೆ’: ತುಕ್ಕಿನ ಪದರದಲ್ಲಿ, ಮಡಿಕೆಗಳಲ್ಲಿ, ಅಂಟಾಗಿ ಕುಳಿತ ಹಳೆಯ ಪೆಟ್ರೋಲಿನಲ್ಲಿ ಇಂಧನ ಉಳಿದಿರುತ್ತದೆ. ಬಿಸಿ ತಾಗಿದೊಡನೆ ಮತ್ತೆ ಆವಿ ಏಳುತ್ತದೆ. ವಾಸನೆ ಬರುತ್ತಿಲ್ಲ ಎಂಬುದು ಪರೀಕ್ಷೆಯೇ ಅಲ್ಲ.

‘ನೀರು ತುಂಬಿಸಿದರೆ ಸಾಕು’: ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ಮೇಲುಳಿದ ಸ್ವಲ್ಪ ಜಾಗದಲ್ಲೇ ಆವಿ ಸೇರುತ್ತದೆ.

‘ಸೈಲೆನ್ಸರ್ ಹೊಗೆ ತುಂಬಿಸಿದರೆ ಸಾಕು’: ಅದರಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣದು. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ವಿಷ ಬೇರೆ.

ಬಳಸಿದ ಟ್ಯಾಂಕು, ಡ್ರಮ್ಮುಗಳನ್ನು ಸಂಪೂರ್ಣ ಶುದ್ಧಗೊಳಿಸದೆ ವೆಲ್ಡ್ ಮಾಡಬಾರದು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ನಿಯಮವೇ ಇದೆ. ಪರಿಣತರು ಟ್ಯಾಂಕನ್ನು ತೊಳೆದು, ಆವಿಯ ಪ್ರಮಾಣವನ್ನು ಮೀಟರಿನಲ್ಲಿ ಅಳೆದು, ಬೇಕಾದರೆ ಸಾರಜನಕದಂಥ ಉರಿಯದ ಅನಿಲ ತುಂಬಿಸಿಯೇ ಬೆಂಕಿ ಹತ್ತಿರ ತರುತ್ತಾರೆ. ಮನೆಯಲ್ಲಿ ಇದು ಆಗದ ಕೆಲಸ. ಮಸ್ಟಾಂಗ್, ಕಮಾರೋಗಳಿಗೆ ಹೊಸದಾಗಿ ತಯಾರಿಸಿದ ಟ್ಯಾಂಕುಗಳು ಸಿಗುತ್ತವೆ, ಬದಲಿಸುವುದೇ ಜಾಣತನ.

ನಮ್ಮಲ್ಲಿ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಜೋಪಾನ ಮಾಡುವವರು ನಮ್ಮ ನಡುವೆ ಇದ್ದಾರೆ. ಅವುಗಳ ಟ್ಯಾಂಕಿಗೂ ಇದೇ ವಿಜ್ಞಾನ. ಸೋರುವ ಟ್ಯಾಂಕ್ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋದಾಗ ‘ಪೆಟ್ರೋಲ್ ಖಾಲಿ ಮಾಡಿ ತಂದಿದ್ದೀನಿ ಅಣ್ಣ’ ಎಂದರೆ ಸಾಲದು. ಕಿಡಿ ಹಾರಿದರೆ ಮುಂದೆ ಕೂತಿರುವುದು ಅದೇ ಅಣ್ಣ.

ನಮ್ಮ ತೀರ್ಮಾನ

‘ಖಾಲಿ ಟ್ಯಾಂಕ್ ಸುರಕ್ಷಿತ’ ಎಂಬುದು ತಪ್ಪು. ಬೆಂಕಿ, ಕಿಡಿಯ ಎದುರು ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ, ಮೊದಲು ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ಕಳಿಸಿ.