ಬೆಟ್ಟದಿಂದ ಖಾಡಿಗೆ ಇಳಿಯುವ ಊರು

ಜೂನ್ ಮಳೆ ಹಿಡಿದ ಮೇಲೆ ಮುಂಬೈಯ ಗೋರೆಗಾಂವ್‌ನಲ್ಲಿ ನೀರು ಯಾವ ಕಡೆಗೆ ಓಡುತ್ತದೆ ಎಂದು ನೋಡಿದರೆ ಈ ಊರಿನ ಭೂಗೋಳ ತಾನಾಗಿ ತಿಳಿಯುತ್ತದೆ. ಪೂರ್ವಕ್ಕೆ ಆರೆಯ ಗುಡ್ಡಗಳು, ಪಶ್ಚಿಮಕ್ಕೆ ಮಲಾಡ್ ಖಾಡಿ, ನಡುವೆ ಕೆಲವೇ ಕಿಲೋಮೀಟರ್ ಇಳಿಜಾರು. ಎಕ್ಸ್‌ಪ್ರೆಸ್ ಹೈವೇ, ರೈಲು ಹಳಿ, ಎಸ್.ವಿ. ರೋಡ್, ಲಿಂಕ್ ರೋಡ್ ಎಲ್ಲವೂ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತವೆ. ಗುಡ್ಡದ ನೀರು ಇವಿಷ್ಟನ್ನೂ ಅಡ್ಡ ದಾಟಿಕೊಂಡು ಸಮುದ್ರ ಸೇರಬೇಕು. ಆ ದಾರಿಯಲ್ಲಿ ಹರಿಯುವುದು ಓಶಿವರಾ ನದಿ. ಆರೆಯ ಗುಡ್ಡಗಳಲ್ಲಿ ಹುಟ್ಟಿ ಮಲಾಡ್ ಖಾಡಿಗೆ ಸೇರುವ ಈ ನದಿಯನ್ನು ಕೆಳಗಿನವರು ಈಗ ನಾಲಾ ಎಂದೇ ಕರೆಯುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾದಾಗ ಮುಂಬೈ ಉಪನಗರಗಳ ಇಂಥ ನಾಲೆಗಳೆಲ್ಲ ತಾವು ನದಿಗಳೆಂದು ತೋರಿಸಿಕೊಟ್ಟವು.

ಇಳಿಜಾರಿನ ತುದಿಯಲ್ಲಿ, ಇಂದು ಗೋಪುರದಂಥ ಕಟ್ಟಡಗಳು ನಿಂತಿರುವ ಕಡೆ, ಹಿಂದೆ ಉಪ್ಪುನೀರಿನ ಜೌಗು ಇತ್ತು, ಕಾಂಡ್ಲಾ ಕಾಡು ಇತ್ತು. ಗೋರೆಗಾಂವ್ ಇರುವ ಸಾಷ್ಟಿ ದ್ವೀಪದ ರೈತರು ಕಟ್ಟೆ ಹಾಕಿ ಉಬ್ಬರದ ನೀರನ್ನು ತಡೆದು ಭತ್ತ ಬೆಳೆಯುತ್ತಿದ್ದ ಇಂಥ ನೆಲಕ್ಕೆ ಖಾಜಣ ಎಂದು ಹೆಸರು. ಕುಮಟಾ ಕಡೆಯ ಅಘನಾಶಿನಿ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಬೇಸಾಯವನ್ನು ವಿವರಿಸಬೇಕಾಗಿಲ್ಲ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಎಷ್ಟೋ ಕನ್ನಡ ಕುಟುಂಬಗಳು, ಊರಲ್ಲಿ ಬಿಟ್ಟುಬಂದಂಥದೇ ನೆಲದ ಮೇಲೆ ಮನೆ ಮಾಡಿವೆ.

ಬೆಟ್ಟದ ಕಡೆ ನಮ್ಮ ನಂಟು ಇನ್ನೂ ಹಳೆಯದು. ಆರೆಗೆ ತಾಗಿದ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಗುಹೆಗಳಿವೆ. ಅಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಮಳಖೇಡದಿಂದ ಆಳಿದ, ‘ಕವಿರಾಜಮಾರ್ಗ’ ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ದೊರೆ. ಅವನ ಕೆಳಗೆ ಉತ್ತರ ಕೊಂಕಣವನ್ನು ಶಿಲಾಹಾರರು ನೋಡಿಕೊಳ್ಳುತ್ತಿದ್ದರು. ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ವಸ್ತ್ರಕ್ಕೂ ಧ್ಯಾನದ ಕೋಣೆಗಳಿಗೂ ಕೊಟ್ಟ ದಾನ ಅಲ್ಲಿ ದಾಖಲಾಗಿದೆ. ಮುಂಬೈ ಕನ್ನಡಿಗರ ಇತಿಹಾಸವನ್ನು ಹಡಗಿನಿಂದಲೂ ಹೋಟೆಲಿನಿಂದಲೂ ಆರಂಭಿಸುವುದು ನಮಗೆ ರೂಢಿಯಾಗಿದೆ. ಈ ಬಂಡೆಯ ಬರಹವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಮುಂದೆ ಸಾಷ್ಟಿ ಕೈಯಿಂದ ಕೈಗೆ ಹೋಯಿತು. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರಿಗೆ, 1737–39ರಲ್ಲಿ ಮರಾಠರಿಗೆ, 1774ರ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ. ಈ ದೊಡ್ಡ ಬದಲಾವಣೆಗಳಿಗಿಂತ ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಆರೆಯ ದಕ್ಷಿಣಕ್ಕಿರುವ ಕೊಂಡಿವಿಟಾದ ಕಥೆ. ಅಲ್ಲಿ ಜೆಸೂಯಿಟ್ ಪಾದ್ರಿಗಳು 1579ರಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿ ಕಟ್ಟಿಸಿದರು. 1840ರಲ್ಲಿ ಸಾಂಕ್ರಾಮಿಕ ರೋಗ ಬಂದು ಜನ ಊರನ್ನೇ ತೊರೆದು ಮರೋಳಕ್ಕೆ ಹೋದರು. ಇಗರ್ಜಿಯ ಮೊಂಡು ಗೋಡೆಗಳು ಈಗ ಸೀಪ್ಜ್ ಕೈಗಾರಿಕಾ ವಲಯದ ಬೇಲಿಯೊಳಗಿವೆ.

ಕೊಂಡಿವಿಟಾದಂತೆಯೇ ಜನ ತೊರೆದ ಇನ್ನೊಂದು ಊರು ನೆನಪಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಾರಮ್ ಪರ್ಸಿ ಎಂಬ ಪುಟ್ಟ ಹಳ್ಳಿಯಿತ್ತು. ಭೂಮಾಲೀಕರಿಗೆ ಬೇಸಾಯಕ್ಕಿಂತ ಕುರಿ ಲಾಭವೆನಿಸಿ ಸುಮಾರು 1500ರ ಹೊತ್ತಿಗೆ ಅದು ಬರಿದಾಯಿತು. ಅಲ್ಲೂ ಉಳಿದದ್ದು ಒಂದು ಪಾಳು ಇಗರ್ಜಿ. 1950ರಿಂದ 1990ರವರೆಗೆ ವಿದ್ವಾಂಸರು ಬೇಸಿಗೆ ಬೇಸಿಗೆಗೂ ಬಂದು ಅಲ್ಲಿ ಅಗೆದರು. ಮನೆಗಳ ಅಡಿಪಾಯ, ಸತ್ತವರ ಮೂಳೆ, ಹೊಲದ ಗಡಿ ಯಾವುದನ್ನೂ ಬಿಡದೆ ಬರೆದಿಟ್ಟರು. ಆ ದೇಶದ ಹಳ್ಳಿಗಳಿಗೆ 1086ರ ಡೂಮ್ಸ್‌ಡೇ ಗಣತಿಯಿಂದಲೂ ನೇಗಿಲೆಷ್ಟು, ಗಿರಣಿಯೆಷ್ಟು ಎಂಬ ಲೆಕ್ಕ ಸಿಗುತ್ತದೆ. ಇಲ್ಲಿಯ ಕೊಂಡಿವಿಟಾ, ಪಹಾಡಿ, ದಿಂಡೋಶಿ, ಆರೆ ಇವುಗಳಿಗೂ ಅಂಥ ತಾಳ್ಮೆಯ ಇತಿಹಾಸ ಸಲ್ಲಬೇಕು. ಇವು ಯಾವ ಇಂಗ್ಲಿಷ್ ಹಳ್ಳಿಗೂ ಕಡಿಮೆಯ ಊರುಗಳಲ್ಲ.

ಪಹಾಡಿಯ ಹೆಸರು ಸುಮ್ಮನೆ ಎತ್ತಲಿಲ್ಲ. 1867ರ ಏಪ್ರಿಲ್‌ನಲ್ಲಿ ವಿರಾರ್‌ನಿಂದ ಮುಂಬೈಗೆ ನಿತ್ಯದ ರೈಲು ಆರಂಭವಾದಾಗ ಅಂಧೇರಿಗೂ ಬೋರಿವಲಿಗೂ ನಡುವೆ ಇದ್ದ ನಿಲ್ದಾಣದ ಹೆಸರು ಪಹಾಡಿ. ಕಾಲಕ್ರಮದಲ್ಲಿ ನಿಲ್ದಾಣ ಗೋರೆಗಾಂವ್ ಆಯಿತು. ಜಮೀನಿನ ದಾಖಲೆ ಹಳೆಯದನ್ನು ಬಿಡಲಿಲ್ಲ. ಇಲ್ಲಿ ಫ್ಲ್ಯಾಟ್ ಕೊಂಡವರು ತಮ್ಮ ನೋಂದಣಿ ಪತ್ರ ತೆಗೆದು ನೋಡಲಿ. ಇಪ್ಪತ್ತನೇ ಮಹಡಿಯ ಮನೆಯಾದರೂ ಅದು ‘ಮೌಜೆ ಪಹಾಡಿ ಗೋರೆಗಾಂವ್, ತಾಲ್ಲೂಕು ಬೋರಿವಲಿ’ ಎಂಬ ಗ್ರಾಮದ ನೆಲದಲ್ಲೇ ಇರುತ್ತದೆ.

ಈ ಗ್ರಾಮ ನಗರದೊಳಗೆ ಸೇರಿದ್ದು ಹಂತಹಂತವಾಗಿ. 1928ರಲ್ಲಿ ಬೋರಿವಲಿಯವರೆಗೆ ವಿದ್ಯುತ್ ರೈಲು ಬಂತು. 1943ರಲ್ಲಿ ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಇಲ್ಲಿ ಫಿಲ್ಮಿಸ್ತಾನ್ ಸ್ಟುಡಿಯೊ ತೆರೆದರು. ಕಂಪನಿ ಕಾಲದಿಂದ ಸಾಷ್ಟಿಯ ಹಳ್ಳಿಗಳನ್ನು ಹಿಡಿದಿದ್ದ ಜಮೀನ್ದಾರರ ಕಂದಾಯ ವಿನಾಯಿತಿಯನ್ನು 1951ರ ಕಾನೂನು ರದ್ದು ಮಾಡಿತು. 1957ರಲ್ಲಿ ಗೋರೆಗಾಂವ್ ಬೃಹನ್ಮುಂಬೈಗೆ ಸೇರಿತು.

ಅದಕ್ಕೆ ಮೊದಲು ಇಲ್ಲಿದ್ದದ್ದು ಗ್ರಾಮಪಂಚಾಯಿತಿ. ಮೃಣಾಲ್ ಗೋರೆ ಸಾರ್ವಜನಿಕ ಕೆಲಸಕ್ಕೆ ಇಳಿದದ್ದು ಆ ದಿನಗಳಲ್ಲೇ. ನಗರದ ಹೆಸರು ಬಂತು, ನಲ್ಲಿಯಲ್ಲಿ ನೀರು ಬರಲಿಲ್ಲ. ಹೆಂಗಸರನ್ನು ಸಂಘಟಿಸಿ ಮಹಾನಗರಪಾಲಿಕೆಯ ಮೇಲೆ ಅವರು ನಡೆಸಿದ ಹೋರಾಟ ‘ಪಾಣಿವಾಲಿ ಬಾಯಿ’ ಎಂಬ ಹೆಸರು ತಂದಿತು. 1972ರಲ್ಲಿ ಶಾಸಕಿಯಾದರು, 1977ರಲ್ಲಿ ಸಂಸದೆಯಾದರು. ಅವರ ಪತಿಯ ನೆನಪಿನ ಕೇಶವ ಗೋರೆ ಸ್ಮಾರಕದ ಸಭಾಗೃಹ ಇಲ್ಲಿಯ ಕನ್ನಡಿಗರಿಗೂ ಹೊಸದಲ್ಲ. ಗೋರೆಗಾಂವ್ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬಂದವರು ಆ ಮೆಟ್ಟಿಲು ಹತ್ತಿರುತ್ತಾರೆ. ಈ ಊರಿನ ನೀರಿಗಾಗಿ ಹೋರಾಡಿದವರ ಹೆಸರಿನ ಜಾಗದಲ್ಲಿ ನಮ್ಮ ಭಾಷೆಗೂ ಎಡೆ ಸಿಕ್ಕಿದ್ದು ದೊಡ್ಡ ಸಂಗತಿ ಎಂದೇ ನಾನು ತಿಳಿದಿದ್ದೇನೆ.

ಇನ್ನು ಆರೆ. ನಗರದ ನಡುವಿನ ತಬೇಲಾಗಳ ಎಮ್ಮೆಗಳನ್ನು ಹೊರಗೆ ಸಾಗಿಸಿ ಜನರಿಗೆ ಶುದ್ಧ ಹಾಲು ಕೊಡಬೇಕೆಂದು 1949ರಲ್ಲಿ ಆರೆ ಮಿಲ್ಕ್ ಕಾಲೊನಿ ಹುಟ್ಟಿತು. 1951ರ ಮಾರ್ಚ್‌ನಲ್ಲಿ ನೆಹರೂ ಬಂದು ಗಿಡ ನೆಟ್ಟರು. ಇದರ ರೂವಾರಿ ದಾರಾ ಖುರೋಡಿ. ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರೊಂದಿಗೆ 1963ರ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಸುಮಾರು 1,287 ಹೆಕ್ಟೇರ್ ನೆಲ, ಸಾವಿರಾರು ಎಮ್ಮೆಗಳು, ಮೂವತ್ತೆರಡು ಘಟಕಗಳು. ಒಳ್ಳೆಯ ಉದ್ದೇಶ, ಒಳ್ಳೆಯ ಕೆಲಸ. ಆದರೆ ಆ ನೆಲ ಖಾಲಿ ಇರಲಿಲ್ಲ.

ವಾರ್ಲಿ, ಕೋಕಣಾ, ಮಲ್ಹಾರ್ ಕೋಳಿ ಆದಿವಾಸಿಗಳ ಪಾಡಾಗಳು, ಅಂದರೆ ಪುಟ್ಟ ಹಾಡಿಗಳು, ಕಾಲೊನಿಗಿಂತ ಮೊದಲಿನಿಂದಲೂ ಅಲ್ಲಿದ್ದವು. ಇಪ್ಪತ್ತೇಳು ಎಂದು ಎಣಿಸುವುದು ವಾಡಿಕೆ. ಕೇಲ್ಟಿಪಾಡಾ, ಖಂಬಾಚಾ ಪಾಡಾ, ಜೀವಾಚಾ ಪಾಡಾ, ನವಶಾಚಾ ಪಾಡಾ. ಮಳೆಗಾಲಕ್ಕೆ ಭತ್ತ, ಮನೆಯ ಬದಿಯಲ್ಲಿ ತರಕಾರಿ, ಕಾಡಿನ ಅಂಚಿನಲ್ಲಿ ಹುಲಿದೈವ ವಾಘೋಬಾ. ಉದ್ಯಾನದ ಚಿರತೆ ಇಂದಿಗೂ ಆರೆಗೆ ಇಳಿದು ಬರುತ್ತದೆ. ಪಾಡಾದ ಜನ ವಾಘೋಬಾನಿಗೆ ಕೈಮುಗಿದು ಅದರ ಜತೆ ಬಾಳುವುದನ್ನು ಬಲ್ಲರು. ಗೋರೆಗಾಂವ್‌ನಲ್ಲಿ ಹಳ್ಳಿ ಎಂಬುದು ಈಗ ನಿಜವಾಗಿ ಉಳಿದಿರುವುದು ಇವರ ಬಳಿ. ಗ್ರಾಮದ ಹೆಸರು ಫ್ಲ್ಯಾಟಿನವರ ಪತ್ರದಲ್ಲಿದೆ, ಗ್ರಾಮದ ಬದುಕು ನಡೆಸುವವರ ಕೈಯಲ್ಲಿ ಪತ್ರವಿಲ್ಲ. ನನಗೆ ಅತ್ಯಂತ ನೋವಾಗುವುದು ಇಲ್ಲಿ.

ಆರೆಯ ನೆಲವನ್ನು ಕೊಡುತ್ತ ಬಂದದ್ದು ಹೊಸದೇನಲ್ಲ. 1977ರಲ್ಲಿ ಫಿಲ್ಮ್ ಸಿಟಿ ಬಂತು. ಮೆಟ್ರೊ ಕಾರ್ ಶೆಡ್ಡಿಗೆಂದು 2019ರ ಅಕ್ಟೋಬರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದರು. ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಬಹುಪಾಲು ಮರ ಬಿದ್ದಾಗಿತ್ತು. ಪ್ರಜಾಪುರ್ ಪಾಡಾದ ಕುಟುಂಬಗಳು ಅದಕ್ಕೂ ಮೊದಲೇ ಮನೆ ಕಳೆದುಕೊಂಡಿದ್ದವು. 2020ರಲ್ಲಿ ಸರ್ಕಾರ ಸುಮಾರು 800 ಎಕರೆಯನ್ನು ಮೀಸಲು ಅರಣ್ಯವೆಂದು ಪ್ರಕಟಿಸಿತು. 2024ರ ಅಕ್ಟೋಬರ್‌ನಿಂದ ಆರೆಯಿಂದಲೇ ಭೂಗತ ಮೆಟ್ರೊ ಓಡುತ್ತಿದೆ.

ಮೀಸಲು ಅರಣ್ಯ ಎಂಬ ಪ್ರಕಟಣೆಯಿಂದ ಕಾಡಿಗೆ ರಕ್ಷಣೆ ಸಿಕ್ಕರೆ ನಾವೆಲ್ಲ ಸಂತೋಷಪಡೋಣ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರಿಗಾಗಿಯೇ ಬಂದದ್ದು. ಪಾಡಾದ ಪ್ರತಿ ಗದ್ದೆ, ಪ್ರತಿ ತೊರೆ, ಪ್ರತಿ ವಾಘೋಬಾ ಕಲ್ಲು ಅದರಡಿ ಆಯಾ ಜನರ ಹೆಸರಿನಲ್ಲಿ ನಕ್ಷೆಗೆ ಸೇರಬೇಕು. ಆ ಗಡಿಗಳನ್ನು ನಡೆದು ತೋರಿಸಬಲ್ಲ ಹಿರಿಯರು ಪಾಡಾಗಳಲ್ಲಿ ಇನ್ನೂ ಇದ್ದಾರೆ. ಅಳತೆಯವರು ಅವರ ಬಾಗಿಲಿಗೆ ಹೋಗಬೇಕಾದದ್ದು ಈಗ.