ಕಾಪಿ ಮಾಡದಿದ್ರೆ ಮೆಮೊರಿ ಉಳಿಯುತ್ತಾ? ಝೀರೋಎಂಕ್ಯೂ ಒಳಗಿನ ಲೆಕ್ಕ

ಇವತ್ತು ಝೀರೋಎಂಕ್ಯೂ ಲೈಬ್ರರಿ ಮೆಮೊರಿಯನ್ನ ಎಲ್ಲೆಲ್ಲಿ ಹಿಡಿದುಕೊಳ್ಳುತ್ತೆ, ಅದನ್ನ ಹೇಗೆ ಕಡಿಮೆ ಮಾಡೋದು ಅಂತ ನೋಡೋಣ. ಹೆಸರು ಕೇಳಿಲ್ಲ ಅಂದ್ರೂ ನಿಮ್ಮಲ್ಲಿ ತುಂಬಾ ಜನ ಇದನ್ನ ಬಳಸಿರ್ತೀರಿ. ಜುಪಿಟರ್ ನೋಟ್‌ಬುಕ್ ತನ್ನ ಕರ್ನೆಲ್ ಜೊತೆ ಮಾತಾಡೋದು ಇದರ ಮೂಲಕವೇ. 2007ರಲ್ಲಿ ಐಮ್ಯಾಟಿಕ್ಸ್ ಕಂಪನಿಯಲ್ಲಿ ಶುರುವಾದ ಓಪನ್ ಸೋರ್ಸ್ ಪ್ರಾಜೆಕ್ಟ್ ಇದು. ನಡುವೆ ಬ್ರೋಕರ್ ಇಲ್ಲ, ಕ್ಯೂ ನಿಮ್ಮ ಪ್ರೋಸೆಸ್ ಒಳಗೇ ಇರುತ್ತೆ. ಹಾಗಾಗಿ ಮೆಮೊರಿ ಬಿಲ್ ಕೂಡ ನಿಮ್ಮ ಪ್ರೋಸೆಸ್ ಹೆಸರಿಗೇ ಬರುತ್ತೆ.

ಸಮಸ್ಯೆ ಸಾಮಾನ್ಯವಾಗಿ ಹೀಗಿರುತ್ತೆ. ಸರ್ವಿಸ್ ಚೆನ್ನಾಗಿ ಓಡ್ತಿದೆ, ಆದರೆ ಮೆಮೊರಿ ನಿಧಾನಕ್ಕೆ ಏರುತ್ತೆ. ಎರಡು ದಿನಕ್ಕೊಮ್ಮೆ ಕುಬರ್ನೆಟಿಸ್ ಪಾಡ್ ಅನ್ನು ಕೊಲ್ಲುತ್ತೆ, ಆನ್‌ಕಾಲ್‌ನಲ್ಲಿ ಇರೋರ ನಿದ್ದೆ ಹೋಗುತ್ತೆ. ವ್ಯಾಲ್‌ಗ್ರೈಂಡ್ ಹಾಕಿ ನೋಡಿದ್ರೆ ಲೀಕ್ ಇಲ್ಲ ಅಂತ ಬರುತ್ತೆ. ಅದು ಹೇಳೋದು ನಿಜವೇ. ಮೆಮೊರಿ ಸೋರಿಲ್ಲ, ಯಾರೋ ಹಿಡಿದುಕೊಂಡಿದ್ದಾರೆ.

8 ಕೆಬಿ ಫ್ಲ್ಯಾಟ್

ಝೀರೋಎಂಕ್ಯೂ ಟಿಸಿಪಿ ಸಾಕೆಟ್‌ನಿಂದ 8192 ಬೈಟ್‌ಗಳ ಬಫರ್‌ಗೆ ಓದುತ್ತೆ. ನೂರು ಬೈಟ್‌ನ ಮೆಸೇಜ್‌ಗಳಾದ್ರೆ ಒಂದು ಬಫರ್‌ನಲ್ಲಿ ಎಂಬತ್ತು ಹಿಡಿಸುತ್ತೆ. ಹಳೆಯ ವರ್ಶನ್‌ಗಳಲ್ಲಿ ಪ್ರತಿ ಮೆಸೇಜನ್ನೂ ಅಲ್ಲಿಂದ ಕಾಪಿ ಮಾಡಿ ಕೊಡ್ತಿದ್ರು. 4.2ರಿಂದ ಝೀರೋ ಕಾಪಿ ಬಂತು. ಈಗ ಮೆಸೇಜ್ ಅಂದ್ರೆ ಆ ಬಫರ್ ಒಳಗಿನ ಒಂದು ಜಾಗಕ್ಕೆ ಪಾಯಿಂಟರ್, ಜೊತೆಗೆ ಒಂದು ರೆಫರೆನ್ಸ್ ಕೌಂಟ್. ಸಿಪಿಯು ಉಳಿಯಿತು, ಸ್ಪೀಡ್ ಹೆಚ್ಚಾಯಿತು.

ಆದರೆ ಪುಣೆಯ ಹಿಂಜೆವಾಡಿಯಲ್ಲಿ ನಾಲ್ಕು ಜನ ಸೇರಿ ಒಂದು ಫ್ಲ್ಯಾಟ್ ಹಿಡಿದಿದ್ದೀರಿ ಅಂದ್ಕೊಳ್ಳಿ. ಮೂವರು ಖಾಲಿ ಮಾಡಿ ಹೋದ್ರು, ಒಬ್ಬ ಇನ್ನೂ ಇದ್ದಾನೆ. ಅವನು ಕೀ ಕೊಡೋವರೆಗೂ ಓನರ್ ಅದನ್ನ ಬೇರೆ ಫ್ಯಾಮಿಲಿಗೆ ಕೊಡೋಕೆ ಆಗಲ್ಲ. ಬಫರ್ ಕಥೆಯೂ ಇದೇ. ಎಂಬತ್ತರಲ್ಲಿ ಒಂದೇ ಒಂದು ಮೆಸೇಜನ್ನ ನೀವು ಇಟ್ಟುಕೊಂಡ್ರೂ ಪೂರ್ತಿ 8 ಕೆಬಿ ಬಿಡುಗಡೆ ಆಗಲ್ಲ.

ಲೆಕ್ಕ ಹಾಕಿ. ಪ್ರತಿ ಸೆನ್ಸರ್‌ನ ಕೊನೆಯ ಮೆಸೇಜನ್ನ ಒಂದು ಮ್ಯಾಪ್‌ನಲ್ಲಿ ಇಡ್ತೀರಿ, 1 ಲಕ್ಷ ಸೆನ್ಸರ್ ಇವೆ. ನಿಜವಾದ ಡೇಟಾ ಸುಮಾರು 10 ಎಂಬಿ. ಪ್ರತಿಯೊಂದೂ ಬೇರೆ ಬೇರೆ ಬಫರ್‌ನಲ್ಲಿ ಕೂತಿದ್ರೆ, ಕೆಟ್ಟ ಸಂದರ್ಭದಲ್ಲಿ, 820 ಎಂಬಿ ದಾಟುತ್ತೆ. ಝೀರೋ ಕಾಪಿಯಿಂದ ಕೆಲವೊಮ್ಮೆ ಮೆಮೊರಿ ಬಳಕೆ ಹೆಚ್ಚಾಗಬಹುದು ಅಂತ ಲೈಬ್ರರಿಯ ಡಾಕ್ಯುಮೆಂಟೇಶನ್ನೇ ಹೇಳುತ್ತೆ. ಅದನ್ನ ಆಫ್ ಮಾಡೋ ಕಾಂಟೆಕ್ಸ್ಟ್ ಆಪ್ಶನ್ ಕೂಡ ಡ್ರಾಫ್ಟ್ ಎಪಿಐನಲ್ಲಿ ಇದೆ.

ಆಫ್ ಮಾಡಲೇಬೇಕು ಅಂತೇನಿಲ್ಲ. ಬಂದ ತಕ್ಷಣ ಬಳಸಿ ಬಿಡೋ ಮೆಸೇಜ್‌ಗೆ ಝೀರೋ ಕಾಪಿ ಒಳ್ಳೇದು. ಹೆಚ್ಚು ಹೊತ್ತು ಇಟ್ಟುಕೊಳ್ಳೋದನ್ನ ಮಾತ್ರ ನಿಮ್ಮ ಸ್ವಂತ ಮೆಮೊರಿಗೆ ಕಾಪಿ ಮಾಡಿ, ಮೆಸೇಜನ್ನ ಕ್ಲೋಸ್ ಮಾಡಿ. ಇಲ್ಲಿ ಒಂದು ಎಚ್ಚರಿಕೆ: ಲೈಬ್ರರಿಯ ಮೆಸೇಜ್ ಕಾಪಿ ಫಂಕ್ಷನ್ ಬಳಸಬೇಡಿ. ಅದು ಇಂಥ ಮೆಸೇಜ್‌ಗಳಿಗೆ ರೆಫರೆನ್ಸ್ ಕೌಂಟ್ ಒಂದು ಹೆಚ್ಚಿಸುತ್ತೆ ಅಷ್ಟೇ. ಬೇಕಾಗಿರೋದು ಅಪ್ಪಟ ಮೆಮ್‌ಕಾಪಿ. ಪೈಥಾನ್‌ನವರಿಗೆ ಈ ತೊಂದರೆ ಕಡಿಮೆ. ಪೈಝಡ್‌ಎಂಕ್ಯೂನಲ್ಲಿ ರಿಸೀವ್ ಮಾಡಿದ್ರೆ ಡಿಫಾಲ್ಟ್ ಆಗಿ ಕಾಪಿಯೇ ಸಿಗುತ್ತೆ. ಸೆಂಡ್ ಮಾಡುವಾಗ ಕಾಪಿ ಬೇಡ ಅಂದ್ರೂ 65,536 ಬೈಟ್‌ಗಿಂತ ಚಿಕ್ಕದನ್ನ ಅದು ಡಿಫಾಲ್ಟ್ ಆಗಿ ಕಾಪಿ ಮಾಡಿಯೇ ಕಳಿಸುತ್ತೆ. ಚಿಕ್ಕ ಮೆಸೇಜ್‌ಗೆ ಕಾಪಿನೇ ಅಗ್ಗ ಅನ್ನೋದು ಅದರ ಲೆಕ್ಕ.

ಲೈಬ್ರರಿಯ ಒಳಗೂ ಇದೇ ಉಪಾಯ ಇದೆ. ಮೆಸೇಜ್ ಸ್ಟ್ರಕ್ಚರ್ 64 ಬೈಟ್. 64 ಬಿಟ್ ಮಷಿನ್‌ನಲ್ಲಿ ಸುಮಾರು 33 ಬೈಟ್‌ವರೆಗಿನ ಡೇಟಾ ಅದರೊಳಗೇ ಕೂರುತ್ತೆ. ಮ್ಯಾಲಾಕ್ ಬೇಡ, ಬಫರ್ ಹಿಡಿಯೋದೂ ಇಲ್ಲ. ಮೆಸೇಜ್ ಫಾರ್ಮ್ಯಾಟ್ ಡಿಸೈನ್ ಮಾಡುವಾಗ ಜೇಸನ್ ಬಿಟ್ಟು ಬೈನರಿಗೆ ಹೋಗಿ ಈ ಮಿತಿಯೊಳಗೆ ತಂದ್ರೆ ದೊಡ್ಡ ಲಾಭ.

1000 ಅಂದ್ರೆ ಎಷ್ಟು?

ಎರಡನೇ ಜಾಗ ಹೈ ವಾಟರ್ ಮಾರ್ಕ್, ಅಂದ್ರೆ ಕ್ಯೂ ತುಂಬೋ ಮಿತಿ. 2.x ಕಾಲದಲ್ಲಿ ಡಿಫಾಲ್ಟ್ ಆಗಿ ಮಿತಿಯೇ ಇರಲಿಲ್ಲ, ಈಗ 1000. ಇದು ಮೆಸೇಜ್‌ಗಳ ಲೆಕ್ಕ, ಬೈಟ್‌ಗಳದ್ದಲ್ಲ. ಜೊತೆಗೆ ಪ್ರತಿ ಕನೆಕ್ಷನ್‌ಗೂ ಬೇರೆ ಬೇರೆ. ಪುಶ್ ಸಾಕೆಟ್‌ಗೆ 20 ವರ್ಕರ್ ಇದ್ದು, ಮೆಸೇಜ್ 1 ಎಂಬಿ ಆಗಿದ್ದು, ವರ್ಕರ್‌ಗಳೆಲ್ಲ ನಿಧಾನ ಆದ್ರೆ, ಕಳಿಸೋ ಕಡೆಯೇ 20 ಜಿಬಿವರೆಗೆ ಹೋಗಬಹುದು. ಪಬ್ ಸಾಕೆಟ್‌ನಲ್ಲಿ ಇಷ್ಟು ಕೆಟ್ಟದಿಲ್ಲ. ಒಂದೇ ದೊಡ್ಡ ಮೆಸೇಜನ್ನ ಎಲ್ಲಾ ಸಬ್‌ಸ್ಕ್ರೈಬರ್‌ಗಳೂ ಹಂಚಿಕೊಳ್ತಾರೆ.

ಹಾಗಾಗಿ ಮೊದಲು ಬಜೆಟ್ ಇಟ್ಟುಕೊಳ್ಳಿ. ಕ್ಯೂಗೆ 400 ಎಂಬಿ ಕೊಡಬಹುದು, 20 ವರ್ಕರ್, 1 ಎಂಬಿ ಮೆಸೇಜ್ ಅಂದ್ರೆ ಮಿತಿ 20. ತುಂಬಿದಾಗ ಏನಾಗುತ್ತೆ ಅನ್ನೋದೂ ಗೊತ್ತಿರಲಿ: ಪುಶ್ ಕಾಯುತ್ತೆ, ಪಬ್ ಮೆಸೇಜನ್ನ ಬಿಸಾಕುತ್ತೆ. ಒಂದು ಮೆಸೇಜ್ ಎಷ್ಟು ದೊಡ್ಡದಿರಬಹುದು ಅನ್ನೋದಕ್ಕೂ ಡಿಫಾಲ್ಟ್ ಮಿತಿ ಇಲ್ಲ, ಅದನ್ನೂ ಸೆಟ್ ಮಾಡಿ.

ಸುಮ್ನೆ ಇರೋ ಕನೆಕ್ಷನ್

ಕೊನೆಯದು ಚಿಕ್ಕದು. ಕ್ಯೂ ಒಂದೊಂದೇ ಸ್ಲಾಟ್ ಆಗಿ ಬೆಳೆಯಲ್ಲ, 256 ಸ್ಲಾಟ್‌ಗಳ ತುಂಡಾಗಿ ಬೆಳೆಯುತ್ತೆ. 256 × 64 ಅಂದ್ರೆ 16 ಕೆಬಿ, ಎರಡೂ ದಿಕ್ಕಿಗೆ ಸೇರಿ 32 ಕೆಬಿ. 10,000 ಕನೆಕ್ಷನ್ ಇದ್ರೆ ಒಂದೂ ಮೆಸೇಜ್ ಬರೋ ಮುಂಚೆಯೇ 320 ಎಂಬಿ ಕಾಯ್ದಿರಿಸಿದ ಹಾಗೆ. ಈ 256 ಸೋರ್ಸ್‌ನಲ್ಲಿರೋ ಸ್ಥಿರಾಂಕ. ಬದಲಾಯಿಸಬೇಕಂದ್ರೆ ಲೈಬ್ರರಿಯನ್ನ ಮತ್ತೆ ಬಿಲ್ಡ್ ಮಾಡಬೇಕು. ಹೆಚ್ಚಿನವರಿಗೆ ಇದರ ಅಗತ್ಯ ಬರಲ್ಲ.

ಇವತ್ತಿನ ಮಾತನ್ನ ಒಂದೇ ಸಾಲಲ್ಲಿ ಹೇಳೋದಾದ್ರೆ: ಮೆಸೇಜ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದನ್ನ ಯಾರು, ಎಷ್ಟು ಹೊತ್ತು ಹಿಡಿದಿದ್ದಾರೆ ಅನ್ನೋದು ಮುಖ್ಯ. ಪಾಡ್‌ಗೆ ಇನ್ನೂ 2 ಜಿಬಿ ಬೇಕು ಅಂತ ಕೇಳೋ ಮುಂಚೆ ನಿಮ್ಮ ಕೋಡ್‌ನಲ್ಲಿ ಮ್ಯಾಪ್‌ನೊಳಗೆ, ಲಿಸ್ಟ್‌ನೊಳಗೆ ಮೆಸೇಜ್ ಆಬ್ಜೆಕ್ಟ್ ಎಲ್ಲೆಲ್ಲಿ ಕೂತಿದೆ ಅಂತ ಒಮ್ಮೆ ಹುಡುಕಿ. ಮುಂದಿನ ವಿಡಿಯೋದಲ್ಲಿ ಸಿಗೋಣ.